ವಿಕ್ರಾಂತ್ ಕಟ್ಟಿದ ಬಗೆ: ಭಾರತದ ವಿಮಾನವಾಹಕ ನೌಕೆಗಳ ಇತಿಹಾಸ

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರ್ಪಡೆಯಾದ ಐಎನ್‌ಎಸ್ ವಿಕ್ರಾಂತ್, ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ನಿರ್ಮಾಣಗೊಂಡ ಮೊದಲ ವಿಮಾನವಾಹಕ ನೌಕೆ. ಅದಕ್ಕೂ ಮೊದಲು ಭಾರತದ ಬಳಿ ಇಂಥ ಮೂರು ನೌಕೆಗಳಿದ್ದವು. ಮೂರೂ ಬೇರೆಯವರು ತಮಗೆಂದು ಕಟ್ಟಲು ತೊಡಗಿದ್ದವು. ಎರಡಂತೂ ಅವರ ನೌಕಾಪಡೆಯಲ್ಲಿ ದುಡಿದು ಬಂದವು. ವಿಮಾನವಾಹಕವನ್ನು ನಡೆಸುವುದರಲ್ಲಿ ಅರವತ್ತು ವರ್ಷಗಳ ಅನುಭವವಿದ್ದ ದೇಶಕ್ಕೆ ಅದನ್ನು ಕಟ್ಟುವ ಅನುಭವ ಇರಲಿಲ್ಲ. ಆ ಅಂತರ ತುಂಬಲು ಹಿಡಿದ ಕಾಲ ದೀರ್ಘವಾದದ್ದು. ಅದರಲ್ಲಿ ಹಡಗಿಗಾಗಿ ವ್ಯಯವಾದುದಕ್ಕಿಂತ ಉಕ್ಕು, ಡಾಕ್, ಗೇರ್‌ಬಾಕ್ಸ್, ವಿನ್ಯಾಸ ಕಚೇರಿಗಳನ್ನು ಅಣಿಗೊಳಿಸುವುದರಲ್ಲಿ ವ್ಯಯವಾದುದೇ ಹೆಚ್ಚು.

ಸ್ವಾತಂತ್ರ್ಯ ಬಂದ ಮರುವರ್ಷವೇ ನೌಕಾಪಡೆಯ ವಿಸ್ತರಣಾ ಯೋಜನೆಯಲ್ಲಿ ವಿಮಾನವಾಹಕದ ಬೇಡಿಕೆ ಇತ್ತು. 1953ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಐಎನ್‌ಎಸ್ ಗರುಡ ಎಂಬ ನೌಕಾ ವಾಯುನೆಲೆ ಶುರುವಾಯಿತು. ಅಂದರೆ ಹಡಗಿಗಿಂತ ಮೊದಲು ವೈಮಾನಿಕರ ತಯಾರಿ ನಡೆದಿತ್ತು. ಹಡಗು ಬಂದದ್ದು ಬ್ರಿಟನ್ನಿನಿಂದ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಟೈನ್ ನದಿಯ ಹಡಗುಕಟ್ಟೆಯಲ್ಲಿ ಆರಂಭವಾದ ‘ಹರ್ಕ್ಯುಲಿಸ್’ 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಮುಕ್ಕಾಲು ಪಾಲು ಸಿದ್ಧವಾಗಿದ್ದ ಹಡಗಿನ ಕೆಲಸ ಮರುವರ್ಷ ನಿಂತುಹೋಯಿತು. ಹತ್ತು ವರ್ಷ ಸುಮ್ಮನೆ ಬಿದ್ದಿದ್ದ ಅದನ್ನು 1957ರಲ್ಲಿ ಭಾರತ ಕೊಂಡು, ಬೆಲ್‌ಫಾಸ್ಟಿನ ಹಾರ್ಲಂಡ್ ಆಂಡ್ ವುಲ್ಫ್ ಕಂಪನಿಯಲ್ಲಿ ಪೂರ್ಣಗೊಳಿಸಿತು. ಓರೆಯಾದ ಇಳಿದಾಣ, ಹಬೆಯ ಒತ್ತಡದಿಂದ ವಿಮಾನವನ್ನು ಚಿಮ್ಮಿಸುವ ಕೆಟಪಲ್ಟ್ ಮುಂತಾದ ಆ ಕಾಲದ ಹೊಸ ಸಲಕರಣೆಗಳು ಅದಕ್ಕೆ ಸೇರಿದವು. 1961ರ ಮಾರ್ಚ್ 4ರಂದು ಬ್ರಿಟನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್ ಅದನ್ನು ಐಎನ್‌ಎಸ್ ವಿಕ್ರಾಂತ್ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿದರು. ಸೀ ಹಾಕ್ ಜೆಟ್‌ಗಳೂ ಫ್ರಾನ್ಸಿನ ಅಲಿಜೆ ವಿಮಾನಗಳೂ ಅದರ ಮೇಲಿದ್ದವು. ಅದೇ ವರ್ಷ ನವೆಂಬರಿನಲ್ಲಿ ಹಡಗು ಮುಂಬೈ ತಲುಪಿತು.

1971ರ ಯುದ್ಧ ಈ ಹಡಗಿಗೆ ಹೆಸರು ತಂದಿತು. ಡಿಸೆಂಬರ್ 4ರಿಂದ ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಬಂದರುಗಳ ಮೇಲೆ ದಾಳಿ ನಡೆಸಿ ಪೂರ್ವ ಪಾಕಿಸ್ತಾನದ ಸಮುದ್ರದ ದಾರಿಯನ್ನು ಮುಚ್ಚಿದವು. ಆದರೆ ಆಗ ಹಡಗಿನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು. ಇದ್ದ ಮೂರು ಬಾಯ್ಲರುಗಳಲ್ಲೇ, ಕಡಿಮೆ ವೇಗದಲ್ಲಿ ಅದು ಯುದ್ಧಕ್ಕೆ ಹೊರಟಿತು. ವಿಮಾನವಾಹಕಕ್ಕೆ ವೇಗವೆಂದರೆ ಬೇಗ ತಲುಪುವುದು ಮಾತ್ರವಲ್ಲ. ಹಡಗು ಗಾಳಿಗೆ ಎದುರಾಗಿ ಎಷ್ಟು ಜೋರಾಗಿ ಓಡುತ್ತದೆಯೋ ಅಷ್ಟು ಸುಲಭವಾಗಿ ವಿಮಾನ ಮೇಲೇರುತ್ತದೆ. ಕಡಿಮೆ ವೇಗದ ಹಡಗಿನಿಂದ ಹಾರಿ ಹೋಗಿ ದಾಳಿ ಮಾಡಿ ಬಂದದ್ದು ವೈಮಾನಿಕರ ಸಾಹಸ ಸರಿ, ಅದರ ಹಿಂದಿದ್ದದ್ದು ಹಡಗಿನ ಹಳೆಯ ಯಂತ್ರಗಳ ಕಷ್ಟ ಎಂಬುದನ್ನು ವಿಜಯದ ವರ್ಣನೆಗಳು ಅಷ್ಟಾಗಿ ಹೇಳುವುದಿಲ್ಲ.

ಎರಡನೆಯದೂ ಬ್ರಿಟನ್ನಿನದೇ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮುಂಚೂಣಿಯಲ್ಲಿದ್ದ ‘ಹರ್ಮಿಸ್’ ಅನ್ನು 1986ರಲ್ಲಿ ಕೊಂಡು, 1987ರ ಮೇ 12ರಂದು ಐಎನ್‌ಎಸ್ ವಿರಾಟ್ ಎಂದು ಸೇರಿಸಿಕೊಳ್ಳಲಾಯಿತು. ನಿಂತಲ್ಲೇ ಕೆಳಗಿಳಿಯಬಲ್ಲ ಸೀ ಹ್ಯಾರಿಯರ್ ವಿಮಾನಗಳು ಅದರ ಬಲ. ಇದೇ ವಿಮಾನಗಳಿಗೆಂದು ಹಳೆಯ ವಿಕ್ರಾಂತ್‌ನ ಕೆಟಪಲ್ಟನ್ನು ಕಿತ್ತು, ಮುಂಭಾಗದಲ್ಲಿ ಮೇಲ್ಮುಖವಾಗಿ ಬಾಗಿದ ಸ್ಕೀ ಜಂಪ್ ಕೂರಿಸಲಾಯಿತು. ಆ ನಿರ್ಧಾರಕ್ಕೆ ಆಗ ಕಾರಣವಿತ್ತು. ಆದರೆ ಅದರೊಂದಿಗೆ ಕೆಟಪಲ್ಟ್ ಬಳಸುವ, ರಿಪೇರಿ ಮಾಡುವ ಕೌಶಲವೂ ನೌಕಾಪಡೆಯ ಕೈತಪ್ಪಿತು. ಮುಂದೆ ಇನ್ನೂ ದೊಡ್ಡ ನೌಕೆಯ ಚರ್ಚೆ ಬಂದಾಗ ಅದನ್ನೇ ಹೊರಗಿನಿಂದ ತರಿಸುವ ಮಾತು ನಡೆಯಿತು.

ಈ ನಡುವೆ ದೇಶದೊಳಗೆ ಸಣ್ಣ ಹಡಗುಗಳಿಂದ ಕಲಿಕೆ ಸಾಗಿತ್ತು. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಸಿದ್ಧವಾದ ಐಎನ್‌ಎಸ್ ಅಜಯ್ ಸ್ವತಂತ್ರ ಭಾರತ ಕಟ್ಟಿದ ಮೊದಲ ಯುದ್ಧನೌಕೆ. 1972ರ ಜೂನಿನಲ್ಲಿ ಮುಂಬೈಯ ಮಜಗಾಂವ್ ಡಾಕ್‌ನಿಂದ ಹೊರಬಂದ ನೀಲಗಿರಿ ಬ್ರಿಟಿಷ್ ನಕ್ಷೆಯ ಫ್ರಿಗೇಟ್. ಇನ್ನೊಬ್ಬರ ನಕ್ಷೆ ನೋಡಿ ಕಟ್ಟುವುದಕ್ಕಿಂತ ಹೆಚ್ಚಿನದನ್ನು ಸಾಧಿಸಿದ್ದು ನೌಕಾಪಡೆಯೊಳಗೇ ಬೆಳೆದ ವಿನ್ಯಾಸ ಕಚೇರಿ. 1964ರಲ್ಲಿ ಚಿಕ್ಕ ಘಟಕವಾಗಿ ಆರಂಭವಾದ ಅದು ಬಳಿಕ ನೌಕಾ ವಿನ್ಯಾಸ ನಿರ್ದೇಶನಾಲಯವಾಗಿ ಬೆಳೆದು ಗೋದಾವರಿ ದರ್ಜೆಯ ಫ್ರಿಗೇಟ್‌ಗಳನ್ನೂ ದೆಹಲಿ ದರ್ಜೆಯ ಡೆಸ್ಟ್ರಾಯರ್‌ಗಳನ್ನೂ ರೂಪಿಸಿತು. ಯುದ್ಧನೌಕೆಯ ಬಳಕೆದಾರರೇ ವಿನ್ಯಾಸಕಾರರೂ ಆಗಿರುವ ಈ ಏರ್ಪಾಟು ಭೂಸೇನೆಯಲ್ಲೋ ವಾಯುಪಡೆಯಲ್ಲೋ ಇಲ್ಲ. ಮೂರು ಪಡೆಗಳಲ್ಲಿ ಸ್ವದೇಶೀಕರಣ ನೌಕಾಪಡೆಯಲ್ಲೇ ಮುಂದಿರುವುದಕ್ಕೆ ಮುಖ್ಯ ಕಾರಣ ಇದೇ ಎನ್ನಬೇಕು.

ವಿಮಾನವಾಹಕವನ್ನು ಇಲ್ಲೇ ಕಟ್ಟಬೇಕೆಂಬ ಯೋಚನೆ 1970ರ ದಶಕದ ಕೊನೆಗೆ ಕಾಗದಕ್ಕೆ ಬಂತು. 1980ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಸರ್ಕಾರಿ ಹಡಗು ನಿರ್ಮಾಣ ಸಂಸ್ಥೆಯ ನೆರವಿನಿಂದ ಇಪ್ಪತ್ತೈದು ಸಾವಿರ ಟನ್ನಿನ ಆಸುಪಾಸಿನ ಹಡಗಿನ ಅಧ್ಯಯನ ನಡೆಯಿತು. 1991ರ ಹಣಕಾಸಿನ ಬಿಕ್ಕಟ್ಟು ಬಂದಾಗ ಅಷ್ಟು ದೊಡ್ಡದು ಬೇಡ, ಚಿಕ್ಕದು ಸಾಕು ಎಂಬ ಸಲಹೆ ಬಂತು. ಕಡತದಲ್ಲಿ ಹಡಗಿಗೆ ‘ಏರ್ ಡಿಫೆನ್ಸ್ ಶಿಪ್’ ಎಂಬ ಹೆಸರು ಕೊಟ್ಟರು. ವಿಮಾನವಾಹಕವೆಂದರೆ ದುಬಾರಿ ಎಂಬ ಭಾವನೆ ಬಂದೀತೆಂಬ ಜಾಣತನವೂ ಅದರಲ್ಲಿತ್ತೇನೋ. 1997ರ ಜನವರಿಯಲ್ಲಿ ಹಳೆಯ ವಿಕ್ರಾಂತ್ ನಿವೃತ್ತವಾಗಿ ನೌಕಾಪಡೆಯ ಬಳಿ ವಿರಾಟ್ ಒಂದೇ ಉಳಿಯಿತು. 1999ರಲ್ಲಿ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗ ಯೋಜನೆಗೆ ಮತ್ತೆ ಜೀವ ಬಂತು. ಅಷ್ಟರಲ್ಲಿ ವಿಮಾನದ ಆಯ್ಕೆ ಬದಲಾಗಿತ್ತು. ಹಗುರ ಸೀ ಹ್ಯಾರಿಯರ್ ಬದಲು ಭಾರದ ಮಿಗ್-29ಕೆ ಎಂದಾದಾಗ ಹಡಗೂ ಹಿಗ್ಗಿತು. 37,500 ಟನ್ ಎಂದು ಲೆಕ್ಕ ಹಾಕಿದ್ದು ಕಟ್ಟಿ ಮುಗಿಸುವಾಗ ಸುಮಾರು 45,000 ಟನ್ ಮುಟ್ಟಿತು. 2003ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಭದ್ರತಾ ಸಮಿತಿಯ ಮಂಜೂರಾತಿ ದೊರೆಯಿತು.

ಮಿಗ್-29ಕೆ ಆಯ್ಕೆಗೆ ಮೂರನೇ ವಿದೇಶಿ ಹಡಗಿನ ನಂಟಿದೆ. ಸೋವಿಯತ್ ನೌಕಾಪಡೆಗಾಗಿ ಕಟ್ಟಿದ್ದ ‘ಅಡ್ಮಿರಲ್ ಗೋರ್ಷ್‌ಕೋವ್’ ಹಡಗನ್ನು 2004ರ ಜನವರಿಯ ಒಪ್ಪಂದದಂತೆ ರಷ್ಯಾ ಪುಕ್ಕಟೆಯಾಗಿ ಕೊಟ್ಟಿತು. ಮಾರ್ಪಾಡಿನ ಖರ್ಚು ಮಾತ್ರ ಭಾರತದ್ದು. ಆ ಖರ್ಚು 97.4 ಕೋಟಿ ಡಾಲರ್ ಎಂದಿದ್ದದ್ದು ಕೊನೆಗೆ 235 ಕೋಟಿ ಡಾಲರ್ ಆಯಿತು. 2008ಕ್ಕೆ ಬರಬೇಕಿದ್ದ ಹಡಗು 2012ರ ಪರೀಕ್ಷೆಯಲ್ಲಿ ಬಾಯ್ಲರ್ ತೊಂದರೆಗೆ ಸಿಕ್ಕಿ, 2013ರ ನವೆಂಬರ್ 16ರಂದು ಐಎನ್‌ಎಸ್ ವಿಕ್ರಮಾದಿತ್ಯ ಎಂದು ಸೇವೆಗೆ ಸೇರಿತು. ಹಳೆಯದನ್ನು ಕೊಳ್ಳುವುದು ಅಗ್ಗ ಎಂಬ ವಾದ ಆಮೇಲೆ ಅಷ್ಟು ಗಟ್ಟಿಯಾಗಿ ಕೇಳಿಬರಲಿಲ್ಲ.

ನಿರ್ಮಾಣದ ಹೊಣೆ ಬಿದ್ದದ್ದು ಕೊಚ್ಚಿನ್ ಶಿಪ್‌ಯಾರ್ಡ್ ಮೇಲೆ. ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ 1972ರಲ್ಲಿ ಅಡಿಗಲ್ಲು ಕಂಡ ಈ ಕಟ್ಟೆ ಸರಕು ಹಡಗುಗಳಿಗೆ ಹೆಸರಾಗಿತ್ತು. ಅದರ ಮೊದಲ ಹಡಗು ‘ರಾಣಿ ಪದ್ಮಿನಿ’. ಒಂದೂ ಯುದ್ಧನೌಕೆಯನ್ನು ಕಟ್ಟಿರದ ಸಂಸ್ಥೆಗೆ ದೇಶದ ಅತಿ ದೊಡ್ಡ ಯುದ್ಧನೌಕೆಯ ಕೆಲಸ ಸಿಕ್ಕಿತು. ಕಾರಣ ಸರಳ: ಅಷ್ಟು ಉದ್ದದ ಹಡಗು ಹಿಡಿಸುವ ಡಾಕ್ ಇದ್ದದ್ದು ಅಲ್ಲಿ. ವಿರಾಟ್‌ನ ರಿಪೇರಿಗಳನ್ನು ಮಾಡಿ ವಿಮಾನವಾಹಕದ ಒಳಹೊರಗನ್ನು ಕಂಡಿದ್ದ ಕೆಲಸಗಾರರೂ ಅಲ್ಲಿದ್ದರು. ವಿನ್ಯಾಸ ನೌಕಾಪಡೆಯದು, ಹಡಗಿನ ಚಾಲನಾ ವ್ಯವಸ್ಥೆಗೆ ಇಟಲಿಯ ಫಿಂಕಾಂತಿಯೇರಿ, ವಿಮಾನ ಏರಿಳಿಸುವ ವ್ಯವಸ್ಥೆಗೆ ರಷ್ಯಾದ ನೆವ್‌ಸ್ಕೊಯೆ ಸಂಸ್ಥೆ ಸಲಹೆ ಕೊಟ್ಟವು.

2005ರ ಏಪ್ರಿಲ್ 11ರಂದು ಮೊದಲ ಉಕ್ಕಿನ ಹಾಳೆ ಕತ್ತರಿಸುವ ಕಾರ್ಯಕ್ರಮವೇನೋ ನಡೆಯಿತು. ಆದರೆ ಉಕ್ಕಿನದೇ ದೊಡ್ಡ ಕಥೆ. ಯುದ್ಧನೌಕೆಗೆ ಬೇಕಾದ ಉಕ್ಕು ಸೇತುವೆಯ ಉಕ್ಕಲ್ಲ. ಪಕ್ಕದಲ್ಲಿ ಸ್ಫೋಟವಾದರೆ ಅದು ಬಾಗಬಹುದು, ಒಡೆಯಬಾರದು. ಚಳಿಯ ನೀರಿನಲ್ಲೂ ಗಡುಸುತನದಿಂದ ಸೀಳಬಾರದು. ಇಷ್ಟೆಲ್ಲ ಇದ್ದೂ ಸುಲಭವಾಗಿ ವೆಲ್ಡಿಂಗಿಗೆ ಒಗ್ಗಬೇಕು. ಅಲ್ಲಿಯವರೆಗೆ ಅದು ರಷ್ಯಾದಿಂದ ಬರುತ್ತಿತ್ತು. ಈ ಹಡಗಿಗೂ ಅಲ್ಲಿಂದಲೇ ತರಿಸುವ ಲೆಕ್ಕಾಚಾರವಿತ್ತು, ಪೂರೈಕೆ ಮಾತ್ರ ಸಕಾಲಕ್ಕೆ ಆಗಲಿಲ್ಲ. ಆಗ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಮತ್ತು ಭಾರತೀಯ ಉಕ್ಕು ಪ್ರಾಧಿಕಾರ ಸೇರಿ ಅಂಥದೇ ಉಕ್ಕನ್ನು ಇಲ್ಲಿ ತಯಾರಿಸಿದವು.

ಆ ಪ್ರಯೋಗಾಲಯದ ಇಂಗ್ಲಿಷ್ ಮೊದಲಕ್ಷರಗಳ ಗುರುತು ಹೊತ್ತ ಡಿಎಂಆರ್ 249ಎ ಎಂಬುದು ಹಡಗಿನ ಒಡಲಿಗೆ. ಇಂಗಾಲ ಕಡಿಮೆಯಿರುವ, ಬೇರೆ ಲೋಹಗಳನ್ನು ತೀರ ಸಣ್ಣ ಪ್ರಮಾಣದಲ್ಲಿ ಬೆರೆಸಿದ ಉಕ್ಕು ಅದು. ಡಿಎಂಆರ್ 249ಬಿ ಎಂಬುದು ಕಾಯಿಸಿ, ತಟಕ್ಕನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಗಟ್ಟಿಮಾಡಿದ್ದು. ಇಪ್ಪತ್ತು ಟನ್ನಿನ ಆಸುಪಾಸಿನ ಜೆಟ್ ದಿನವಿಡೀ ಬಂದು ಅಪ್ಪಳಿಸುವ ಮೇಲ್ತಟ್ಟು ಅದರದು. ಉಕ್ಕು ಸಿದ್ಧವಾದರೆ ಸಾಲದು. ಅದಕ್ಕೆ ಹೊಂದುವ ವೆಲ್ಡಿಂಗ್ ಕಡ್ಡಿಗಳನ್ನೂ ಇಲ್ಲೇ ಮಾಡಬೇಕಾಯಿತು. ಬೆಸುಗೆಯ ಜಾಗ ಮೂಲ ಉಕ್ಕಿಗಿಂತ ದುರ್ಬಲವಾದರೆ ಹಡಗು ಒಡೆಯುವುದು ಅಲ್ಲೇ. ಬೆಸುಗೆಯ ಕಾವಿಗೆ ಹಾಳೆಗಳು ಸೊಟ್ಟಗಾಗದಂತೆ ನೋಡಿಕೊಳ್ಳುವುದನ್ನೂ ಕೊಚ್ಚಿಯ ಕೆಲಸಗಾರರು ಹೊಸದಾಗಿ ಕಲಿಯಬೇಕಾಯಿತು. ಪ್ರಾಧಿಕಾರದ ಭಿಲಾಯಿ, ಬೊಕಾರೊ, ರೂರ್ಕೆಲಾ ಕಾರ್ಖಾನೆಗಳಿಂದ ಈ ಹಡಗಿಗೆ ಸುಮಾರು 30,000 ಟನ್ ಉಕ್ಕು ಬಂತು. ಉಕ್ಕಿಗಾಗಿ ಕಾದ ಹೊತ್ತು ಹಡಗಿನ ವೇಳಾಪಟ್ಟಿಯನ್ನು ಕೆಡಿಸಿತು ನಿಜ. ಆದರೆ ಆಮೇಲೆ ಭಾರತ ಕಟ್ಟಿದ ಯುದ್ಧನೌಕೆಗಳಿಗೆ ಉಕ್ಕಿಗಾಗಿ ಪರದೇಶದ ಬಾಗಿಲು ಕಾಯುವ ಪ್ರಮೇಯ ತಪ್ಪಿತು. ಇಡೀ ಯೋಜನೆಯಲ್ಲಿ ಅತ್ಯಂತ ಗಟ್ಟಿಯಾದ ಗಳಿಕೆ ಯಾವುದೆಂದರೆ ಇದೇ, ಹಡಗಿಗಿಂತಲೂ ಹೆಚ್ಚು ಕಾಲ ಬಾಳುವಂಥದ್ದು.

ಹಡಗನ್ನು ಒಂದೇ ಕಡೆ ತಳದಿಂದ ಮೇಲಕ್ಕೆ ಕಟ್ಟುತ್ತ ಹೋಗಲಿಲ್ಲ. ಅದನ್ನು 800ಕ್ಕೂ ಹೆಚ್ಚು ಬ್ಲಾಕ್‌ಗಳಾಗಿ ವಿಂಗಡಿಸಿ, ಶೆಡ್‌ಗಳಲ್ಲಿ ಬಿಡಿಬಿಡಿಯಾಗಿ ಬೆಸೆದು, ಡಾಕಿನೊಳಗೆ ಕ್ರೇನ್‌ನಿಂದ ಇಳಿಸಿ ಜೋಡಿಸಿದರು. 2009ರ ಫೆಬ್ರುವರಿ 28ರಂದು ರಕ್ಷಣಾ ಸಚಿವ ಎ.ಕೆ. ಆಂಟನಿ ಕೀಲ್ ಹಾಕಿದಾಗಲೇ ಬಹಳಷ್ಟು ಬ್ಲಾಕ್‌ಗಳು ಸಿದ್ಧವಿದ್ದವು. 2011ರ ಡಿಸೆಂಬರ್ 29ರಂದು 14,000 ಟನ್ ಮೀರಿದ್ದ ಒಡಲನ್ನು ತೇಲಿಸಿ ಡಾಕಿನಿಂದ ಹೊರಗೆ ತಂದರು. ಅದು ಸಂಭ್ರಮದ ಬಿಡುಗಡೆಯಲ್ಲ. ಗೇರ್‌ಬಾಕ್ಸ್‌ಗಳು ಬಂದಿರಲಿಲ್ಲ, ಅವಿಲ್ಲದೆ ಎಂಜಿನ್ ಕೂರಿಸುವಂತಿಲ್ಲ, ಎಂಜಿನ್ ಕೂರದೆ ಮೇಲಿನ ಅಂತಸ್ತು ಮುಚ್ಚುವಂತಿಲ್ಲ.

ಟರ್ಬೈನ್ ವೇಗವಾಗಿ ತಿರುಗುತ್ತದೆ, ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಇವೆರಡರ ನಡುವೆ ಕೂರುವ ಗೇರ್‌ಬಾಕ್ಸ್ ಅಷ್ಟು ದೊಡ್ಡ ಅಳತೆಯಲ್ಲಿ ಭಾರತದಲ್ಲಿ ಹಿಂದೆಂದೂ ತಯಾರಾಗಿರಲಿಲ್ಲ. ಗುಜರಾತಿನ ಎಲೆಕಾನ್ ಕಂಪನಿ ಜರ್ಮನಿಯ ರೆಂಕ್ ನೆರವಿನಿಂದ ಅದನ್ನು ಮಾಡಿಕೊಟ್ಟಿತು. ನಾಲ್ಕು ಎಲ್‌ಎಂ2500 ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಆದರೆ ಅವುಗಳ ಜೋಡಣೆ ಮತ್ತು ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ, ಎಚ್‌ಎಎಲ್‌ನ ಕೈಗಾರಿಕಾ ಮತ್ತು ಸಾಗರ ಗ್ಯಾಸ್ ಟರ್ಬೈನ್ ವಿಭಾಗದಲ್ಲಿ. ಸಮುದ್ರವೇ ಇಲ್ಲದ ಊರಿನಿಂದ 88 ಮೆಗಾವಾಟ್ ಬಲದ ಹಡಗಿನ ಎಂಜಿನ್ ಹೊರಟಿತು.

2013ರ ಆಗಸ್ಟ್ 12ರಂದು ರಕ್ಷಣಾ ಸಚಿವರ ಪತ್ನಿ ಎಲಿಜಬೆತ್ ಆಂಟನಿ ಹಡಗನ್ನು ಅಧಿಕೃತವಾಗಿ ನೀರಿಗಿಳಿಸಿದರು. ಅಂದು ಪತ್ರಿಕೆಗಳು, 40,000 ಟನ್ ದರ್ಜೆಯ ವಿಮಾನವಾಹಕ ಕಟ್ಟಬಲ್ಲ ಐದನೇ ದೇಶ ಭಾರತ ಎಂದು ಬರೆದವು. ಆದರೆ ಹಡಗು ಸೇವೆಗೆ ಸೇರಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಅಷ್ಟರೊಳಗೆ ಚೀನಾ ತನ್ನ ಶಾನ್‌ಡಾಂಗ್ ನೌಕೆಯನ್ನು 2017ರಲ್ಲಿ ನೀರಿಗಿಳಿಸಿ 2019ರ ಡಿಸೆಂಬರಿನಲ್ಲಿ ಸೇವೆಗೂ ಸೇರಿಸಿತ್ತು.

ವಿಳಂಬದ ಲೆಕ್ಕ ಹಣದಲ್ಲೂ ಕಾಣುತ್ತದೆ. ಮೊದಲ ಮಂಜೂರಾತಿ 3,261 ಕೋಟಿ ರೂಪಾಯಿಗೆ. 2014ರಲ್ಲಿ ಅದನ್ನು 19,341 ಕೋಟಿಗೆ ಪರಿಷ್ಕರಿಸಲಾಯಿತು. 2016ರಲ್ಲಿ ಮಹಾಲೇಖಪಾಲರ ವರದಿ, ಹಡಗು ಪೂರ್ಣವಾಗಿ ಕೈಸೇರುವುದು 2023ಕ್ಕೆ ಎಂದು ಅಂದಾಜಿಸಿತು. ಮಿಗ್-29ಕೆ ವಿಮಾನಗಳ ಎಂಜಿನ್ ಮತ್ತು ಒಡಲಿನ ದೋಷಗಳನ್ನೂ ಎತ್ತಿ ತೋರಿಸಿತು. ಈ ಏರಿಕೆಯನ್ನೆಲ್ಲ ಅದಕ್ಷತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಮೊದಲ ಅಂದಾಜು ಮಾಡಿದವರಿಗೆ ಏನನ್ನು ಕಟ್ಟಲು ಹೊರಟಿದ್ದೇವೆ ಎಂಬುದೇ ಪೂರ್ತಿ ತಿಳಿದಿರಲಿಲ್ಲ ಎನ್ನುವುದೇ ಹೆಚ್ಚು ನಿಜ. ನಿರ್ಮಾಣದ ನಡುವೆಯೇ ವಿನ್ಯಾಸ ಬದಲಾಗುತ್ತ ಹೋದದ್ದಕ್ಕೆ ಮಾತ್ರ ಅಂಥ ಸಮಾಧಾನವಿಲ್ಲ. 2019ರಲ್ಲಿ ಹಡಗಿನೊಳಗಿನ ಕಂಪ್ಯೂಟರ್‌ಗಳಿಂದ ಹಾರ್ಡ್ ಡಿಸ್ಕ್‌ಗಳು ಕಳುವಾಗಿ ರಾಷ್ಟ್ರೀಯ ತನಿಖಾ ದಳ ಬರುವಂತಾಯಿತು. ಗೂಢಚಾರಿಕೆಯ ಗುಮಾನಿ ಹಬ್ಬಿತ್ತು, ಮರುವರ್ಷ ಸಿಕ್ಕಿಬಿದ್ದದ್ದು ಬಣ್ಣ ಬಳಿಯಲು ಬಂದಿದ್ದ ಗುತ್ತಿಗೆ ಕೆಲಸಗಾರರು. ಕೋವಿಡ್ ಕಾಲದಲ್ಲಿ ಕೆಲಸ ಮತ್ತಷ್ಟು ಹಿಂದೆ ಬಿತ್ತು.

2021ರ ಆಗಸ್ಟ್ 4ರಂದು ಹಡಗು ಮೊದಲ ಬಾರಿ ಸ್ವಂತ ಬಲದಲ್ಲಿ ಕಡಲಿಗೆ ಹೋಯಿತು. 2022ರ ಜುಲೈ 28ರಂದು ನೌಕಾಪಡೆಗೆ ಹಸ್ತಾಂತರವಾಯಿತು. ಸೇರ್ಪಡೆಯ ದಿನ ಪ್ರಧಾನಿ ನರೇಂದ್ರ ಮೋದಿ ನೌಕಾಪಡೆಯ ಹೊಸ ಧ್ವಜವನ್ನೂ ಅನಾವರಣಗೊಳಿಸಿದರು; ಹಳೆಯ ಧ್ವಜದಲ್ಲಿದ್ದ ಸೇಂಟ್ ಜಾರ್ಜ್ ಶಿಲುಬೆ ಹೋಯಿತು. 262 ಮೀಟರ್ ಉದ್ದ, 62 ಮೀಟರ್ ಅಗಲದ ಈ ಹಡಗಿನಲ್ಲಿ 14 ಅಂತಸ್ತು, ಸುಮಾರು 2,300 ಕೋಣೆಗಳಿವೆ. 1,600ಕ್ಕೂ ಹೆಚ್ಚು ಸಿಬ್ಬಂದಿಗೆ ಅಲ್ಲಿ ವಾಸ. ಮಹಿಳಾ ಅಧಿಕಾರಿಗಳಿಗೂ ನಾವಿಕರಿಗೂ ಪ್ರತ್ಯೇಕ ಕೋಣೆಗಳನ್ನು ಮೊದಲೇ ವಿನ್ಯಾಸದಲ್ಲಿ ಸೇರಿಸಲಾಗಿದೆ. ಗರಿಷ್ಠ ವೇಗ 28 ನಾಟ್. ಒಮ್ಮೆ ಇಂಧನ ತುಂಬಿದರೆ 7,500 ನಾಟಿಕಲ್ ಮೈಲಿ. ಸುಮಾರು 30 ವಿಮಾನ, ಹೆಲಿಕಾಪ್ಟರುಗಳಿಗೆ ಜಾಗ.

ಮೇಲ್ತಟ್ಟಿನ ಕೆಲಸ ಹೀಗೆ: ಜೆಟ್ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಚಕ್ರಗಳನ್ನು ತಡೆದು ನಿಲ್ಲಿಸಿರುತ್ತಾರೆ. ತಡೆ ಬಿದ್ದಕೂಡಲೇ ಅದು ಮುನ್ನುಗ್ಗಿ, 14 ಡಿಗ್ರಿ ಬಾಗಿದ ತುದಿಯಿಂದ ಜಿಗಿದು ಹಾರುತ್ತದೆ. ಮರಳುವಾಗ ವಿಮಾನದ ಬಾಲದ ಕೊಕ್ಕೆ, ತಟ್ಟಿನ ಅಡ್ಡಕ್ಕೆ ಬಿಗಿದ ಮೂರು ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ವೈಮಾನಿಕ ಇಳಿಯುವಾಗಲೂ ಎಂಜಿನ್ ಬಲ ತಗ್ಗಿಸುವುದಿಲ್ಲ, ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಿ ಹೋಗಬೇಕಲ್ಲ. ಕೆಟಪಲ್ಟ್ ಇಲ್ಲದ ಈ ಏರ್ಪಾಟು ಸರಳ, ಅಗ್ಗ. ಆದರೆ ವಿಮಾನ ಪೂರ್ತಿ ಇಂಧನ, ಪೂರ್ತಿ ಬಾಂಬು ಹೊತ್ತು ಏಳಲಾರದು. ಆಕಾಶದಿಂದ ಕಣ್ಗಾವಲು ಇಡುವ ಭಾರದ ವಿಮಾನಗಳಂತೂ ಇದರಿಂದ ಹಾರಲಾರವು.

ವಿಕ್ರಾಂತ್‌ನ 76 ಶೇಕಡ ಸ್ವದೇಶಿ ಎಂದು ಸರ್ಕಾರ ಹೇಳುತ್ತದೆ. ಒಡಲು, ಕೇಬಲ್, ಪಂಪು, ಅಡುಗೆಮನೆ, ಹವಾನಿಯಂತ್ರಣ ಎಲ್ಲ ಸೇರಿಸಿದ ಲೆಕ್ಕ ಅದು. ನೂರಕ್ಕೂ ಹೆಚ್ಚು ಸಣ್ಣ, ಮಧ್ಯಮ ಉದ್ದಿಮೆಗಳು ಇದರಲ್ಲಿ ಪಾಲು ಪಡೆದವು. ಉಳಿದ ಕಾಲು ಭಾಗ ಎಲ್ಲಿದೆ ಎಂದು ನೋಡಿದರೆ ಎಂಜಿನ್, ಇಳಿದಾಣದ ತಡೆ ವ್ಯವಸ್ಥೆ, ದೂರದ ರಾಡಾರ್ ಕಾಣುತ್ತವೆ. ತೂಕದಲ್ಲೋ ಬೆಲೆಯಲ್ಲೋ ಅದು ಚಿಕ್ಕ ಪಾಲು, ಹಡಗನ್ನು ವಿಮಾನವಾಹಕವನ್ನಾಗಿ ಮಾಡುವುದು ಮಾತ್ರ ಅದೇ. ಈ ಲೆಕ್ಕದೊಳಗೆ ವಿಮಾನಗಳು ಇಲ್ಲವೇ ಇಲ್ಲ.

ವಿಮಾನವನ್ನೂ ಇಲ್ಲೇ ಮಾಡುವ ಪ್ರಯತ್ನ ಬೆಂಗಳೂರಿನದು. ತೇಜಸ್‌ನ ನೌಕಾ ಮಾದರಿ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಏಡಿಎ) ಮತ್ತು ಎಚ್‌ಎಎಲ್ ಕೈಯಲ್ಲಿ 2012ರ ಏಪ್ರಿಲ್ 27ರಂದು ಮೊದಲ ಬಾರಿ ಹಾರಿತು. ಹಡಗಿನ ಇಳಿದಾಣ ಕಾಣುವಂತೆ ಮೂಗನ್ನು ತಗ್ಗಿಸಿ, ಹೊಡೆತ ತಾಳುವಂತೆ ಚಕ್ರಗಳ ಕಾಲನ್ನು ಬಲಪಡಿಸಿದ್ದರು. ಆ ಬಲವೇ ಭಾರವಾಯಿತು; ಒಂದೇ ಎಂಜಿನ್ನಿನ ವಿಮಾನ ತಮ್ಮ ಅಗತ್ಯಕ್ಕೆ ಸಾಲದೆಂದು 2016ರ ಡಿಸೆಂಬರಿನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಹೇಳಿದರು. ಆದರೂ ಪ್ರಯೋಗ ನಿಲ್ಲಲಿಲ್ಲ. ಗೋವಾದ ಹನ್ಸಾ ನೆಲೆಯಲ್ಲಿ ಹಡಗಿನ ತಟ್ಟಿನಂತೆಯೇ ಕಟ್ಟಿದ ನೆಲದ ಓಡುದಾರಿಯಲ್ಲಿ ಅಭ್ಯಾಸ ಮಾಡಿ, 2020ರ ಜನವರಿ 11ರಂದು ಕಮಡೋರ್ ಜೈದೀಪ್ ಮಾವ್ಲಂಕರ್ ತೇಜಸನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. 2023ರ ಫೆಬ್ರುವರಿಯಲ್ಲಿ ಅದು ವಿಕ್ರಾಂತ್ ಮೇಲೂ ಇಳಿಯಿತು. ಅಲ್ಲಿ ಕಲಿತದ್ದು ಎರಡು ಎಂಜಿನ್ನಿನ ಹೊಸ ನೌಕಾ ಯುದ್ಧವಿಮಾನದ ವಿನ್ಯಾಸಕ್ಕೆ ಆಧಾರವಾಗಿದೆ. ಅದು ಬರುವವರೆಗೆ ಫ್ರಾನ್ಸಿನ 26 ರಫೇಲ್-ಎಂ ವಿಮಾನಗಳಿಗೆ 2025ರ ಏಪ್ರಿಲಿನಲ್ಲಿ ಒಪ್ಪಂದವಾಯಿತು.

ಇಂಥ ಹಡಗುಗಳಿಗೆ ನಿಲ್ಲಲು ಆಳದ ನೀರು ಬೇಕು. ಅದು ಕಾರವಾರದಲ್ಲಿದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಯ ಮೊದಲ ಹಂತ 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆಯಾಗಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು, ಮೀನುಗಾರರೂ ರೈತರೂ, ಮನೆ ಹೊಲ ಕಡಲದಂಡೆ ಬಿಟ್ಟು ಹೋಗಬೇಕಾಯಿತು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ಎಳೆದವು. ರಷ್ಯಾದಿಂದ ಬಂದ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಮೊದಲು ಲಂಗರು ಹಾಕಿದ್ದು ಇಲ್ಲಿಯೇ. 2024ರಲ್ಲಿ ವಿಕ್ರಾಂತ್ ಕೂಡ ಪಶ್ಚಿಮ ನೌಕಾದಳಕ್ಕೆ ಸೇರಿತು.

ವಿಕ್ರಮಾದಿತ್ಯ, ವಿಕ್ರಾಂತ್ ಜೊತೆಗೆ ಮೂರನೇ ನೌಕೆಯ ಮಾತು ಹತ್ತು ವರ್ಷಕ್ಕೂ ಹಳೆಯದು. ‘ವಿಶಾಲ್’ ಎಂಬ ಹೆಸರಿನಲ್ಲಿ 65,000 ಟನ್ನಿನ, ವಿದ್ಯುತ್ಕಾಂತೀಯ ಕೆಟಪಲ್ಟ್ ಇರುವ ಹಡಗಿನ ಕನಸು ಮೊದಲು ಇತ್ತು. ಅದಕ್ಕಾಗಿ 2015ರಲ್ಲಿ ಅಮೆರಿಕದೊಂದಿಗೆ ಜಂಟಿ ಕಾರ್ಯತಂಡವೂ ಆಯಿತು. ಅಷ್ಟು ಹಣವನ್ನು ಜಲಾಂತರ್ಗಾಮಿಗಳಿಗೆ ಹಾಕುವುದು ಮೇಲು ಎಂಬ ವಾದವೂ ಎದ್ದಿತು. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ 2020ರಲ್ಲಿ ದೊಡ್ಡ ವಿಮಾನವಾಹಕದ ಬಗ್ಗೆ ಅನುಮಾನವನ್ನು ಬಹಿರಂಗವಾಗಿಯೇ ಹೇಳಿದ್ದರು. ನೌಕಾಪಡೆ ಬಳಿಕ ತನ್ನ ಬೇಡಿಕೆಯನ್ನು ವಿಕ್ರಾಂತ್‌ನಷ್ಟೇ ಗಾತ್ರದ, ಸುಧಾರಿಸಿದ ಇನ್ನೊಂದು ಹಡಗಿಗೆ ಇಳಿಸಿತು. ಇದರಲ್ಲಿ ವಿವೇಕವಿದೆ: ಕೊಚ್ಚಿಯ ಕೆಲಸಗಾರರ ಕೈಗೆ ಬಂದ ಕಸುಬು ಮರೆತುಹೋಗುವ ಮೊದಲು ಅದೇ ಮಾದರಿಯ ಹಡಗು ಶುರುವಾದರೆ ಅರ್ಧ ಕಾಲವಾದರೂ ಉಳಿಯುತ್ತದೆ. ಅಂಥ ಕೆಲಸಕ್ಕೆಂದೇ ಅಲ್ಲದಿದ್ದರೂ, ಕೊಚ್ಚಿನ್ ಶಿಪ್‌ಯಾರ್ಡ್ ಸುಮಾರು 1,800 ಕೋಟಿ ರೂಪಾಯಿ ವೆಚ್ಚದಲ್ಲಿ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್ ಕಟ್ಟಿಸಿದೆ. 2024ರ ಜನವರಿ 17ರಂದು ಉದ್ಘಾಟನೆಯಾದ ಅದರಲ್ಲಿ ವಿಕ್ರಾಂತ್‌ಗಿಂತ ದೊಡ್ಡ ವಿಮಾನವಾಹಕವೂ ಹಿಡಿಸುತ್ತದೆ.